ತೀವ್ರ ಆತಂಕಕ್ಕೆ ಮಾತ್ರೆ ಬರೆದುಕೊಟ್ಟಿದ್ದಾರೆ. ಶುರು ಮಾಡಲೋ ಬೇಡವೋ?

ಕಾಫಿಪುಡಿ:
ನನಗೆ 32 ವರ್ಷ. ಬೆಂಗಳೂರಿನಲ್ಲಿ ಆಡಿಟರ್ ಆಫೀಸೊಂದರಲ್ಲಿ ಕೆಲಸ. ಮದುವೆಯಾಗಿದೆ, ಮಕ್ಕಳ ವಿಚಾರ ಮುಂದಿನ ವರ್ಷ ನೋಡೋಣ ಅಂದುಕೊಂಡಿದ್ದೇವೆ.

ಕಳೆದ ವರ್ಷದಿಂದ ಆತಂಕ ವಿಪರೀತವಾಗಿದೆ. ಬೆಳಗಿನ ಜಾವವೇ ಎಚ್ಚರವಾಗುತ್ತದೆ, ಹೊಟ್ಟೆ ಹಿಂಡುತ್ತಿರುತ್ತದೆ. ಜಿಎಸ್‌ಟಿ ರಿಟರ್ನ್ಸ್ ಹಾಕುವ ದಿನಗಳಲ್ಲಿ ಮುಗಿದ ಫೈಲನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಫೋನ್ ಬಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಅಂತಲೇ ಮನಸ್ಸು ಓಡುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ ನಿಂತಾಗ ಎದೆ ಡವಡವ, ಕೈಯೆಲ್ಲ ಬೆವರು, ಉಸಿರೇ ಸಿಗದಂತಾಗಿ ಬಾಗಿಲು ತೆಗೆಸಿಕೊಂಡು ಇಳಿದಿದ್ದೇನೆ. ಹಾರ್ಟ್ ಅಟ್ಯಾಕ್ ಅಂದುಕೊಂಡು ಎಮರ್ಜೆನ್ಸಿಗೂ ಹೋಗಿದ್ದಾಯಿತು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಗ್ಯಾಸ್ ಇರಬಹುದು ಅಂದು ಕಳಿಸಿದರು.

ಕೆಲವು ತಿಂಗಳಿಂದ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಒಳ್ಳೆಯವರು. ಜಿಎಡಿ-7 ಅಂತ ಏಳು ಪ್ರಶ್ನೆಗಳ ಹಾಳೆ ತುಂಬಿಸಿದರು, 21ಕ್ಕೆ 18 ಬಂತು. 15 ಮತ್ತು ಅದರ ಮೇಲೆ ಬಂದರೆ ತೀವ್ರ ಅಂತ ಲೆಕ್ಕವಂತೆ. ಅವರು ಹೋಂವರ್ಕ್ ಕೊಡುತ್ತಾರೆ. ಬಸ್ಸಿನಲ್ಲಿ ಎರಡು ಸ್ಟಾಪ್ ಹೋಗಿ ಬನ್ನಿ, ಫೈಲನ್ನು ಒಂದೇ ಸಲ ನೋಡಿ ಕಳಿಸಿಬಿಡಿ, ಹೀಗೆ. ಮಾಡೋಣ ಅಂತ ಹೊರಟರೆ ಬಸ್ ಸ್ಟಾಪಿನಲ್ಲೇ ಕಾಲು ನಡುಗಿ ವಾಪಸ್ ಬರುತ್ತೇನೆ. ಒಮ್ಮೆ ಮನೋವೈದ್ಯರನ್ನು ನೋಡಿ ಅಂತ ಅವರೇ ಹೇಳಿದರು.

ವೈದ್ಯರು ಎಸ್ಸಿಟಾಲೋಪ್ರಾಂ 5 ಎಂಜಿ ಒಂದು ವಾರ, ಆಮೇಲೆ 10 ಎಂಜಿ ಅಂತ ಬರೆದರು. ಜೊತೆಗೆ ರಾತ್ರಿಗೆ ಕ್ಲೊನಾಜೆಪಾಂ 0.25. ಹೊರಗೆ ಜನ ಕಾಯುತ್ತಿದ್ದರು. 'ಏನೂ ಆಗಲ್ಲ ತಗೊಳ್ಳಿ' ಅಂದರು, ನಾನು ಎದ್ದು ಬಂದೆ. ಮಾತ್ರೆ ಬೀರುವಿನಲ್ಲಿದೆ, ಸ್ಟ್ರಿಪ್ ಒಡೆದಿಲ್ಲ. ಗೂಗಲ್ ಮಾಡಿದರೆ ಡಿಪ್ರೆಶನ್ ಮಾತ್ರೆ ಅಂತ ಬರುತ್ತದೆ. ನನಗಿರೋದು ಆತಂಕ ತಾನೇ? ತಿಪಟೂರಿನಲ್ಲಿರುವ ಅಮ್ಮನಿಗೆ ಹೇಳಿದೆ. 'ಒಂದು ಸಲ ಶುರು ಮಾಡಿದರೆ ಮುಗೀತು, ರೂಢಿಯಾಗಿಬಿಡುತ್ತೆ, ಬೇಡವೇ ಬೇಡ' ಅಂತ ಅಳುತ್ತಾರೆ. ಇವರು ಮಾತ್ರ 'ನಿನ್ನಿಷ್ಟ' ಅನ್ನುತ್ತಾರೆ. ಅದೇ ಕಷ್ಟ.

ತಗೊಂಡವರು, ಬೇಡ ಅಂದವರು ಇಬ್ಬರೂ ಹೇಳಿ.

ಬೆಣ್ಣೆದೋಸೆ:
ತಗೊಂಡವನು ಹೇಳುತ್ತೇನೆ. ಇದೇ ಮಾತ್ರೆ, ಇದೇ ಡೋಸ್.

ಮೊದಲ ವಾರ ಚೆನ್ನಾಗಿರುವುದಿಲ್ಲ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ನನಗೆ ವಾಕರಿಕೆ, ಊಟ ಸೇರುತ್ತಿರಲಿಲ್ಲ, ಸುಮ್ಮಸುಮ್ಮನೆ ಆಕಳಿಕೆ. ಅದಕ್ಕಿಂತ ಜಾಸ್ತಿ ಹೆದರಿಸಿದ್ದು ಆತಂಕವೇ ಸ್ವಲ್ಪ ಏರಿದ್ದು. ಕೂತಲ್ಲಿ ಕೂರಲಾಗದೆ ಮನೆ ತುಂಬ ಓಡಾಡುತ್ತಿದ್ದೆ. ಎರಡನೇ ವಾರಕ್ಕೆ ವಾಕರಿಕೆ ಹೋಯಿತು. ಮಾತ್ರೆಯ ಗುಣ ಕಂಡಿದ್ದು ಅದಕ್ಕೂ ಎಷ್ಟೋ ದಿನ ಆದ ಮೇಲೆ.

ಗುಣ ಅಂದರೆ ಖುಷಿ ಉಕ್ಕಿ ಬರಲಿಲ್ಲ. ಒಂದು ದಿನ ಬಾಸ್ 'ಸ್ವಲ್ಪ ಕ್ಯಾಬಿನ್‌ಗೆ ಬನ್ನಿ' ಅಂದರು, ಹೋದೆ, ಮಾತಾಡಿ ಬಂದೆ. ಸೀಟಿನಲ್ಲಿ ಕೂತ ಮೇಲೆ ಹೊಳೆಯಿತು, ಎದೆ ಹೊಡೆದುಕೊಳ್ಳಲೇ ಇಲ್ಲವಲ್ಲ ಅಂತ. ಅಷ್ಟೇ. ಆದರೆ ಆ ಅಷ್ಟೇ ನನಗೆ ದೊಡ್ಡದು.

ಹಳೇ_ಸೈಕಲ್:
ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಮ್ಮಿಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ ಅಂತ ವರ್ಷಾನುಗಟ್ಟಲೆ ಹೇಳಿದರು. 2022ರಲ್ಲಿ ಲಂಡನ್ನಿನ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಖಿನ್ನತೆಗೆ ಸೆರೊಟೋನಿನ್ ಕಮ್ಮಿಯಾಗಿರುವುದೇ ಕಾರಣ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ ಅಂದರು. ಕಾರಣವೇ ಗೊತ್ತಿಲ್ಲದ ಮೇಲೆ ಮಾತ್ರೆ ಯಾಕೆ ನುಂಗಬೇಕು?

ನನಗೂ ಆತಂಕ ಇತ್ತು. ಕಾಫಿ ಬಿಟ್ಟೆ (ನಿಮ್ಮ ಹೆಸರು ನೋಡಿದರೆ ಕಷ್ಟ ಅನ್ನಿಸುತ್ತದೆ), ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆದೆ, ರಾತ್ರಿ ಫೋನ್ ಹೊರಗಿಟ್ಟೆ. ಅಶ್ವಗಂಧವನ್ನೂ ತಗೊಂಡೆ. ಈಗ ಆರಾಮಾಗಿದ್ದೇನೆ.

ರಾತ್ರಿಪಾಳಿ:
ನಾನು ಮನೋರೋಗ ವಿಭಾಗದಲ್ಲಿ ಸ್ಟಾಫ್ ನರ್ಸ್, ಡಾಕ್ಟರ್ ಅಲ್ಲ. ಆದರೆ ಸ್ಟ್ರಿಪ್ ಹಿಡಿದುಕೊಂಡು ಬಂದು ಇದನ್ನೇ ಕೇಳುವವರನ್ನು ದಿನಾ ನೋಡುತ್ತೇನೆ.

ಸೈಕಲ್ ಸರ್ ಹೇಳಿದ ಅಧ್ಯಯನ ನಿಜ. ಆದರೆ ಅದು ನೋಡಿದ್ದು ಖಿನ್ನತೆ ಯಾಕೆ ಬರುತ್ತದೆ ಅನ್ನುವುದನ್ನು. ಆತಂಕಕ್ಕೆ ಈ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಔಷಧಿಯೇ ಇಲ್ಲದ ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡಿದ ಪರೀಕ್ಷೆಗಳು ಬೇಕಾದಷ್ಟಿವೆ. ಎಲ್ಲರಿಗೂ ಅಲ್ಲದಿದ್ದರೂ ತುಂಬಾ ಜನಕ್ಕೆ ಉಪಯೋಗವಾಗುತ್ತದೆ. ಹಾಗಾಗಿಯೇ ಡಿಪ್ರೆಶನ್ ಇಲ್ಲದವರಿಗೂ ಆತಂಕಕ್ಕೆ ಮೊದಲು ಬರೆಯುವುದು ಇದೇ ಗುಂಪಿನ ಮಾತ್ರೆಗಳನ್ನು.

ತಂಗಿ, ಮುಖ್ಯವಾದ ವಿಷಯ ಈಗ ಹೇಳುತ್ತೇನೆ. ನಿಮ್ಮ ಚೀಟಿಯಲ್ಲಿ ಇರುವುದು ಎರಡು ಬೇರೆ ಬೇರೆ ಜಾತಿಯ ಔಷಧಿ. ಅಮ್ಮನ ಭಯಕ್ಕೆ ಅರ್ಥ ಇದೆ, ಆದರೆ ಅದು ಸೇರಬೇಕಾಗಿರುವುದು ಎರಡನೆಯದಕ್ಕೆ.

ಎಸ್ಸಿಟಾಲೋಪ್ರಾಂ ನುಂಗಿದ ಕೂಡಲೇ ಹಾಯ್ ಅನ್ನಿಸುವುದಿಲ್ಲ. ಇನ್ನೂ ಬೇಕು ಅಂತ ಮನಸ್ಸು ಎಳೆಯುವುದಿಲ್ಲ. ಡೋಸ್ ದಿನೇ ದಿನೇ ಏರಿಸಬೇಕು ಅಂತಲೂ ಆಗುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ದೇಹ ಪ್ರತಿಭಟಿಸುತ್ತದೆ, ಆದ್ದರಿಂದ ನಿಧಾನವಾಗಿ ಇಳಿಸಿ ಬಿಡಬೇಕು. ಕ್ಲೊನಾಜೆಪಾಂ ಹಾಗಲ್ಲ. ಅದು ಅರ್ಧ-ಒಂದು ಗಂಟೆಯಲ್ಲಿ ಆರಾಮ ಕೊಡುತ್ತದೆ. ಆ ಆರಾಮವೇ ತೊಂದರೆ. ವಾರಗಟ್ಟಲೆ ತಗೊಂಡರೆ ಅದಿಲ್ಲದೆ ನಿದ್ದೆ ಬಾರದು, ಅದೇ ಡೋಸ್ ಸಾಲದು. ಮೊದಲ ಮಾತ್ರೆಯ ಗುಣ ಕಾಣುವವರೆಗೆ ದಾಟಿಸಲು ಅದನ್ನು ಕೆಲವೇ ದಿನಕ್ಕೆ ಬರೆಯುತ್ತಾರೆ. ಎಷ್ಟು ದಿನ ಅಂತ ನಿಮ್ಮ ಚೀಟಿಯಲ್ಲಿ ಬರೆದಿದೆಯಾ?

ಇನ್ನೊಂದು. ಸ್ಟ್ರಿಪ್‌ನ ಹಿಂಭಾಗ ತಿರುಗಿಸಿ ಓದಿ. ನಮ್ಮಲ್ಲಿ ಇವೆರಡನ್ನೂ ಸೇರಿಸಿದ ಒಂದೇ ಮಾತ್ರೆ ಸಿಗುತ್ತದೆ, ಹೆಸರಿನ ಕೊನೆಯಲ್ಲಿ 'ಪ್ಲಸ್' ಅಂತಲೋ ಮತ್ತೇನೋ ಇರುತ್ತದೆ. ಅದನ್ನು ತಿಂಗಳುಗಟ್ಟಲೆ ನುಂಗಿ, ತಾವು ತಗೊಂಡಿದ್ದು ಬರೀ ಆತಂಕದ ಮಾತ್ರೆ ಅಂದುಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಬಿಡಲು ಹೋದಾಗ ನಿದ್ದೆ ಹಾರಿಹೋಗುತ್ತದೆ, ಆಗ ಬೈಗುಳ ಬೀಳುವುದು ಎಸ್ಸಿಟಾಲೋಪ್ರಾಂಗೆ.

ಕಾಫಿಪುಡಿ:
ಈಗ ತಿರುಗಿಸಿ ನೋಡಿದೆ ಅಕ್ಕ. ನನ್ನದು ಎರಡು ಬೇರೆ ಸ್ಟ್ರಿಪ್. ಚೀಟಿಯಲ್ಲಿ ಕ್ಲೊನಾಜೆಪಾಂ ಮುಂದೆ ಏನೋ ಗೀಚಿದ್ದಾರೆ, 14 ಅಂತಲೋ 1-4 ಅಂತಲೋ ಗೊತ್ತಾಗುತ್ತಿಲ್ಲ.

ರಾತ್ರಿಪಾಳಿ:
ಊಹೆ ಮಾಡಬೇಡಿ. ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿ. ಕೇಳುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ.

ಸೈಕಲ್ ಸರ್, ಕಾಫಿ ಕಮ್ಮಿ ಮಾಡುವುದು, ನಡಿಗೆ, ನಿದ್ದೆ ಎಲ್ಲ ಖಂಡಿತ ಒಳ್ಳೆಯದು. ಅಶ್ವಗಂಧ ಮಾತ್ರ ಡಾಕ್ಟರಿಗೆ ಹೇಳದೆ ಜೊತೆಗೆ ಸೇರಿಸಬಾರದು. ಥೈರಾಯ್ಡ್ ಏರುಪೇರಾಗಬಹುದು, ಮಂಪರು ಬರಿಸುವ ಮಾತ್ರೆಯ ಜೊತೆ ಮಂಪರು ಹೆಚ್ಚಬಹುದು. ಗರ್ಭಿಣಿಯಾಗುವ ಯೋಚನೆ ಇರುವವರಿಗಂತೂ ಬೇಡ.

ಘಟಪ್ರಭಾ:
ಗೋಕಾಕ ಕಡೆಯವನು ನಾನು. ಮಾತ್ರೆ ಇಲ್ಲದೆ ಗೆದ್ದವರ ಪೈಕಿ ನನ್ನನ್ನೂ ಸೇರಿಸಿಕೊಳ್ಳಿ. ಆದರೆ ಒಂದು ಮಾತು. ನನ್ನ ಜಿಎಡಿ-7 ಬಂದಿದ್ದು 9. ಕೆಲಸ ನಡೀತಿತ್ತು, ಊಟ ಸೇರುತ್ತಿತ್ತು, ನಿದ್ದೆ ಹೆಂಗೋ ಬರುತ್ತಿತ್ತು. ಸಿಬಿಟಿ ಅಂತ, ಯೋಚನೆ-ನಡವಳಿಕೆ ತಿದ್ದಿಕೊಳ್ಳಲು ಕಲಿಸುವ ಥೆರಪಿಗೆ ವಾರಕ್ಕೊಮ್ಮೆ ಹೋದೆ, ಹೋಂವರ್ಕ್ ಮಾಡಿದೆ, ಸಾಕಾಯಿತು. ನಿಮ್ಮದು 18 ನೋಡ್ರಿ. ಹೋಂವರ್ಕ್ ಮಾಡಲು ಬಸ್ ಸ್ಟಾಪ್ ದಾಟಲು ಆಗುತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ನನ್ನ ಕಥೆ ಕೇಳಿ ನೀವು ಬೇಡ ಅನ್ನಬಾರದು, ಸೈಕಲ್ ಅಣ್ಣನ ಕಥೆ ಕೇಳಿಯೂ ಅಷ್ಟೇ. ಥೆರಪಿನೋ ಮಾತ್ರೆನೋ ಅಂತ ಜಗಳ ಹಚ್ಚುವುದೇ ತಪ್ಪು ಅನ್ನಿಸುತ್ತದೆ ನನಗೆ. ಎಷ್ಟೋ ಜನಕ್ಕೆ ಮಾತ್ರೆ ಹಿಡಿದ ಮೇಲೆಯೇ ಥೆರಪಿ ಹಿಡಿಯುತ್ತದೆ.

ನನ್ನ ತಮ್ಮನಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದ್ದೆವು. ಚಲೋ ಆಯಿತು. ಚಲೋ ಆದ ಮೇಲೆ ಇನ್ಯಾಕೆ ಅಂತ ಯಾರಿಗೂ ಹೇಳದೆ ಮಾತ್ರೆ ಒಮ್ಮೆಲೇ ಬಿಟ್ಟ. ಎರಡು-ಮೂರು ದಿನಕ್ಕೆ ತಲೆ ತಿರುಗು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂತೆ ಜುಂ ಜುಂ. ಮತ್ತೆ ಕಾಯಿಲೆ ಬಂತು ಅಂತ ಮನೆಮಂದಿಯೆಲ್ಲ ಹೆದರಿದರು. ಡಾಕ್ಟರು ಪುನಃ ಶುರು ಮಾಡಿಸಿ, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಈಗ ಮಾತ್ರೆ ಇಲ್ಲ, ಹುಡುಗ ಟ್ರ್ಯಾಕ್ಟರ್ ಓಡಿಸಿಕೊಂಡು ಆರಾಮಿದ್ದಾನೆ.

ಬೆಣ್ಣೆದೋಸೆ:
ಇದಕ್ಕೇ ನನಗೆ 'ಬಿಪಿ, ಶುಗರ್ ಮಾತ್ರೆ ಇದ್ದ ಹಾಗೆ ಇದೂ' ಅನ್ನುವ ಸಮಾಧಾನ ಕೇಳಿದರೆ ಸಿಟ್ಟು ಬರುತ್ತದೆ. ನಾಚಿಕೆ ಪಡಬೇಡಿ ಅನ್ನುವುದಕ್ಕೆ ಹಾಗೆ ಹೇಳುತ್ತಾರೆ, ಸರಿ. ಆದರೆ ಕೇಳಿಸಿಕೊಂಡವರಿಗೆ ಅನ್ನಿಸುವುದು 'ಓಹೋ, ಸಾಯುವ ತನಕ ತಗೊಳ್ಳಬೇಕು' ಅಂತ. ಹಾಗೇನಿಲ್ಲ. ಆತಂಕ ಹತೋಟಿಗೆ ಬಂದ ಮೇಲೆ ಇನ್ನೊಂದು ಆರು ತಿಂಗಳಿಂದ ವರ್ಷ ಮುಂದುವರಿಸಿ, ಆಮೇಲೆ ಇಳಿಸುವುದು ಸಾಮಾನ್ಯ ಕ್ರಮ. ಕೆಲವರಿಗೆ ಮತ್ತೆ ಬರುತ್ತದೆ, ಅವರು ಜಾಸ್ತಿ ಕಾಲ ತಗೊಳ್ಳುತ್ತಾರೆ.

ಹಳೇ_ಸೈಕಲ್:
ಸರಿ, 18 ಅನ್ನುವುದನ್ನು ನಾನು ಗಮನಿಸಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ಈ ಮಾತ್ರೆಯಿಂದ ಆತ್ಮಹತ್ಯೆಯ ಯೋಚನೆ ಬರುತ್ತದೆ ಅಂತ ಅಮೆರಿಕದಲ್ಲಿ ಡಬ್ಬಿ ಮೇಲೇ ಎಚ್ಚರಿಕೆ ಇದೆಯಂತಲ್ಲ?

ರಾತ್ರಿಪಾಳಿ:
ಇದೆ. 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಅಂತ ಬಂತು, 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿದರು. ಶುರುವಿನ ವಾರಗಳಲ್ಲಿ ಮತ್ತು ಡೋಸ್ ಬದಲಿಸಿದಾಗ ಜಾಗ್ರತೆ ಬೇಕು ಅಂತ ಅದರ ಅರ್ಥ. ಇವರಿಗೆ 32. ಆದರೂ ವಯಸ್ಸು ಎಷ್ಟೇ ಇರಲಿ, ಮೊದಲ ಕೆಲವು ವಾರ ಮನೆಯಲ್ಲಿ ಒಬ್ಬರಿಗೆ ಗೊತ್ತಿರಬೇಕು. ವಿಪರೀತ ಚಡಪಡಿಕೆ, ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು, ಅವತ್ತೇ ಡಾಕ್ಟರಿಗೆ ಹೇಳಬೇಕು. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416. 24 ಗಂಟೆಯೂ, ಕನ್ನಡದಲ್ಲೇ ಮಾತಾಡುತ್ತಾರೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಫೋನ್ ಹಿಡಿದು ಕೂರಬೇಡಿ, ಸೀದಾ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರಿಗೆ ಇದನ್ನೂ ಹೇಳಬೇಕು: ನಿಮಗೋ ಮನೆಯವರಿಗೋ ಬೈಪೋಲಾರ್ ಇದೆಯಾ? ಅಂದರೆ ಕೆಲವು ದಿನ ನಿದ್ದೆಯಿಲ್ಲದೆಯೂ ವಿಪರೀತ ಉತ್ಸಾಹ, ಅತಿ ಮಾತು, ಮಿತಿಮೀರಿ ಖರ್ಚು, ಇಂಥದ್ದು. ಇದ್ದರೆ ಬರೀ ಈ ಮಾತ್ರೆ ಕೊಟ್ಟರೆ ಅದು ಕೆರಳಬಹುದು.

ಕಾಫಿಪುಡಿ:
ಅಂಥದ್ದೇನೂ ಇಲ್ಲ ನಮ್ಮ ಮನೆಯಲ್ಲಿ. ಇನ್ನೆರಡು ಕೇಳಬೇಕು. ಮಗು ವಿಚಾರ. ಮತ್ತೆ, ಹೇಗೆ ಕೇಳಲಿ, ಗಂಡ-ಹೆಂಡತಿ ನಡುವೆ ತೊಂದರೆಯಾಗುತ್ತದೆ ಅಂತ ಎಲ್ಲೋ ಓದಿದೆ.

ತುಂಗೆಯ_ದಡ:
ಎರಡಕ್ಕೂ ನಾನು ಉತ್ತರ ಕೊಡಬಲ್ಲೆ. ಎರಡನೆಯದು ಹೌದು, ಆಗುತ್ತದೆ, ಗಂಡಸರಿಗೂ ಹೆಂಗಸರಿಗೂ. ಆಸಕ್ತಿ ಕಮ್ಮಿಯಾಗುವುದು, ತೃಪ್ತಿಯಾಗಲು ತಡವಾಗುವುದು. ಎಲ್ಲರಿಗೂ ಅಲ್ಲ, ಆದರೆ ಅಪರೂಪವೂ ಅಲ್ಲ. ನಮ್ಮ ಕಡೆ ಇದನ್ನು ಡಾಕ್ಟರೂ ಹೇಳುವುದಿಲ್ಲ, ಪೇಶೆಂಟೂ ಕೇಳುವುದಿಲ್ಲ. ಕೊನೆಗೆ ಜನ ಸುಮ್ಮನೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಾಯಿಬಿಟ್ಟು ಹೇಳಿದರೆ ಡೋಸ್ ಬದಲಿಸಬಹುದು, ಬೇರೆ ಮಾತ್ರೆಗೆ ಹೋಗಬಹುದು. ಯಜಮಾನರಿಗೂ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಅವರು ಏನೇನೋ ಅರ್ಥ ಮಾಡಿಕೊಳ್ಳುತ್ತಾರೆ.

ಮಗು ವಿಚಾರ. ಮಾತ್ರೆ ಶುರು ಮಾಡುವ ಮುಂಚೆಯೇ ಹೇಳಿದರೆ ಒಳ್ಳೆಯದು, ಯಾವ ಮಾತ್ರೆ ಅನ್ನುವುದನ್ನು ಅದನ್ನೂ ನೋಡಿ ಆರಿಸುತ್ತಾರೆ. ನನಗೆ ಇದೇ ಗುಂಪಿನ ಸೆರ್ಟ್ರಲಿನ್ ಕೊಟ್ಟಿದ್ದರು, ಬಸುರಿಯಾಗಿದ್ದಾಗಲೂ ಹಾಲೂಡಿಸುವಾಗಲೂ ತಗೊಂಡೆ. ಅದರ ಬಗ್ಗೆ ಅನುಭವ ಜಾಸ್ತಿ ಇದೆ ಅಂತ ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರಂತೆ. ಅಪಾಯ ಸೊನ್ನೆ ಅಂತ ಯಾರೂ ಹೇಳಲಿಲ್ಲ. ಆದರೆ ಬಸುರಿಯಲ್ಲಿ ನಿದ್ದೆ-ಊಟ ಬಿಟ್ಟು ಹೆದರಿಕೊಂಡು ಕೂತರೆ ಅದಕ್ಕೂ ಅದರದೇ ಅಪಾಯ ಇದೆಯಲ್ಲ, ಎರಡನ್ನೂ ತೂಗಿ ನೋಡಬೇಕು ಅಂದರು. ನಿಮ್ಹಾನ್ಸ್‌ನಲ್ಲಿ ಬಸುರಿ-ಬಾಣಂತಿಯರಿಗೇ ಬೇರೆ ವಿಭಾಗ ಇದೆ, ತಾಯಿ-ಮಗು ಒಟ್ಟಿಗೆ ಇರುವ ವಾರ್ಡ್ ಕೂಡ ಇದೆ. ಟೆಸ್ಟ್ ಪಾಸಿಟಿವ್ ಬಂತು ಅಂತ ಹೆದರಿ ಅವತ್ತೇ ಮಾತ್ರೆ ಎಸೆಯಬಾರದು, ಅದೊಂದು ನೆನಪಿರಲಿ.

ಮರಳುಗಾಡಿನ_ಕನ್ನಡಿಗ:
ನಡುವೆ ಬಾಯಿ ಹಾಕುತ್ತಿದ್ದೇನೆ, ಗಲ್ಫ್‌ಗೆ ಬರುವವರಿಗೆ ಉಪಯೋಗವಾದೀತು. ದುಬೈ ಕಡೆ ಕ್ಲೊನಾಜೆಪಾಂ, ಆಲ್‌ಪ್ರಜೋಲಾಂ ಥರದ್ದು ನಿಯಂತ್ರಿತ ಔಷಧಿ. ಚೀಟಿ ಇದೆ ಅಂತ ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ, ಹೊರಡುವ ಮುಂಚೆ ಇಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಆನ್‌ಲೈನಿನಲ್ಲಿ ತಗೊಳ್ಳಿ. ಆ 'ಪ್ಲಸ್' ಮಾತ್ರೆಯೊಳಗೂ ಅದೇ ಇರುತ್ತದೆ, ಮರೆಯಬೇಡಿ.

ಸೊಪ್ಪಿನಸಾರು:
ಖರ್ಚು ಎಷ್ಟಾಗುತ್ತದೆ ಯಾರಾದರೂ ಹೇಳಿ. ನನ್ನ ಅಕ್ಕನಿಗೂ ಇದೇ ತೊಂದರೆ, ಊರು ಚಿಕ್ಕದು, ಅಲ್ಲಿ ಮನೋವೈದ್ಯರೇ ಇಲ್ಲ.

ಘಟಪ್ರಭಾ:
ಎಸ್ಸಿಟಾಲೋಪ್ರಾಂ ಜನೌಷಧಿ ಅಂಗಡಿಯಲ್ಲಿ ಕಮ್ಮಿಗೆ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ನೋಡ್ರಿ, ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. 14416ಕ್ಕೆ ಮಾಡಿದರೂ ಹತ್ತಿರ ಎಲ್ಲಿ ಅಂತ ಹೇಳುತ್ತಾರೆ.

ಕಾಫಿಪುಡಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಡಾಕ್ಟರ್ ಹತ್ತಿರ ಮತ್ತೆ ಹೋಗಿದ್ದೆ, ಈ ಸಲ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು. ಇವರೂ ಜೊತೆಗೆ ಬಂದಿದ್ದರು. ಹಾಳೆಯನ್ನೇ ಡಾಕ್ಟರ್ ಕೈಗೆ ಕೊಟ್ಟುಬಿಟ್ಟೆ. ಅವರು ಒಂದೊಂದಕ್ಕೂ ಉತ್ತರ ಹೇಳಿ ಪಕ್ಕದಲ್ಲಿ ಟಿಕ್ ಹಾಕಿದರು. ನಿಜ ಹೇಳಬೇಕೆಂದರೆ ಇಷ್ಟು ತಾಳ್ಮೆ ನಿರೀಕ್ಷಿಸಿರಲಿಲ್ಲ.

ಮಗು ವಿಚಾರ ಹೇಳಿದ ಮೇಲೆ ಮಾತ್ರೆ ಬದಲಿಸಿದರು. ಎಸ್ಸಿಟಾಲೋಪ್ರಾಂ ಬೇಡ, ಸೆರ್ಟ್ರಲಿನ್ 25 ಎಂಜಿಯಿಂದ ಶುರು ಮಾಡೋಣ ಅಂದರು. ತಿಂಡಿಯಾದ ಮೇಲೆ, ದಿನಾ ಒಂದೇ ಹೊತ್ತಿಗೆ. ಗೀಚಿದ್ದು 14 ದಿನ ಅಂತೆ. ಆದರೆ ಕ್ಲೊನಾಜೆಪಾಂ ದಿನಾ ಬೇಡ, ತೀರಾ ತಡೆಯಲಾಗದ ರಾತ್ರಿ ಮಾತ್ರ ಅಂತ ಈಗ ಹೊಸದಾಗಿ ಬರೆದುಕೊಟ್ಟರು. ಆರು ವಾರಕ್ಕೆ ಮತ್ತೆ ಜಿಎಡಿ-7 ತುಂಬಿಸಿ ನೋಡುತ್ತಾರಂತೆ, ಇಳಿಯದಿದ್ದರೆ ಡೋಸ್ ಅಥವಾ ಮಾತ್ರೆ ಬದಲಿಸೋಣ ಅಂದರು. ಕೌನ್ಸೆಲಿಂಗ್ ಬಿಡಕೂಡದು. ತಲೆನೋವಿಗೆ ಅಂತ ಐಬುಪ್ರೊಫೆನ್ ಥರದ್ದು ಆಗಾಗ ನುಂಗುವುದು ಬೇಡ, ಇದರ ಜೊತೆ ರಕ್ತಸ್ರಾವದ ಅಪಾಯ ಜಾಸ್ತಿ, ಬೇಕಾದರೆ ಪ್ಯಾರಾಸಿಟಮಾಲ್ ಅಂದರು.

ಶುರು ಮಾಡುತ್ತಿದ್ದೇನೆ. ಭಯ ಹೋಗಿಲ್ಲ. ಆದರೆ ಯಾವಾಗ ಶುರು, ಯಾವಾಗ ನೋಡುವುದು, ಹೇಗೆ ನಿಲ್ಲಿಸುವುದು ಅಂತ ಗೊತ್ತಾಯಿತಲ್ಲ, ಅಷ್ಟಕ್ಕೇ ಕೈ ಹೋಗುತ್ತಿದೆ.

ಹಳೇ_ಸೈಕಲ್:
ಒಳ್ಳೆಯದಾಗಲಿ ತಂಗಿ. ನಡಿಗೆ ಮಾತ್ರ ಬಿಡಬೇಡಿ, ಅದು ನನ್ನ ಹಟ.

ತುಂಗೆಯ_ದಡ:
ಅಮ್ಮನನ್ನು ಹೇಗೆ ಒಪ್ಪಿಸಿದಿರಿ?

ಕಾಫಿಪುಡಿ:
ಅದೊಂದು ದೊಡ್ಡ ಕಥೆ. ಫೋನಿನಲ್ಲಿ ಎರಡು ಮಾತ್ರೆಯ ವ್ಯತ್ಯಾಸ ಹೇಳುತ್ತಿದ್ದೆ, ರೂಢಿಯಾಗುವುದು ನಿದ್ದೆ ಬರಿಸುವ ಜಾತಿಯದ್ದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ನಾನು ರಾತ್ರಿ ತಗೊಳ್ಳೋದು ಯಾವ ಜಾತಿ?' ಅಂದರು. ಅಮ್ಮ ರಾತ್ರಿ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳುತ್ತಾರೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ತಮ್ಮನಿಂದ ಸ್ಟ್ರಿಪ್‌ನ ಫೋಟೋ ತರಿಸಿಕೊಂಡೆ. ಆಲ್‌ಪ್ರಜೋಲಾಂ 0.5, ಕ್ಲೊನಾಜೆಪಾಂ ಜಾತಿಯದ್ದೇ. ಅಪ್ಪ ತೀರಿಕೊಂಡಾಗ ಯಾರೋ ನಿದ್ದೆಗೆ ಅಂತ ಬರೆದುಕೊಟ್ಟಿದ್ದಂತೆ. ಆಗಿನಿಂದ ಅದೇ ಹಳೆಯ ಸ್ಟ್ರಿಪ್ ತೋರಿಸಿ ತರಿಸಿಕೊಳ್ಳುತ್ತಿದ್ದಾರೆ. ಬಿಡಲು ನೋಡಿದರಂತೆ, ಆಗಲಿಲ್ಲವಂತೆ. ನನಗೆ ಬೇಡ ಬೇಡ ಅಂತ ಅತ್ತಿದ್ದು ಅದಕ್ಕೆ. ಈಗ 'ಇವತ್ತಿಂದಲೇ ನಿಲ್ಲಿಸುತ್ತೇನೆ' ಅಂತ ಕೂತಿದ್ದಾರೆ.

ರಾತ್ರಿಪಾಳಿ:
ಬೇಡ. ಈಗಲೇ ಫೋನ್ ಮಾಡಿ ತಡೆಯಿರಿ. ಅಷ್ಟು ವರ್ಷ ತಗೊಂಡಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹೋಗುವುದಷ್ಟೇ ಅಲ್ಲ, ಕೈ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಇವತ್ತು ರಾತ್ರಿ ಎಂದಿನಂತೆ ತಗೊಳ್ಳಲಿ. ವಯಸ್ಸಾದವರಿಗೆ ಆ ಮಾತ್ರೆಯಿಂದ ಬೀಳುವ ಭಯ ಇರುತ್ತದೆ, ಹಾಗಾಗಿ ಬಿಡಿಸಬೇಕಾದ್ದು ನಿಜ. ಆದರೆ ಡಾಕ್ಟರ್ ಲೆಕ್ಕ ಹಾಕಿ ತೀರಾ ನಿಧಾನವಾಗಿ ಇಳಿಸಬೇಕು. ನಿಮ್ಮ ಡಾಕ್ಟರಿಗೇ ತೋರಿಸಬಹುದಲ್ಲ? ಸ್ಟ್ರಿಪ್ ಜೊತೆಗೆ ಅವರ ಬಿಪಿ, ಶುಗರ್ ಚೀಟಿಗಳನ್ನೂ ತರಲು ಹೇಳಿ.

ಕಾಫಿಪುಡಿ:
ಫೋನ್ ಮಾಡಿದೆ ಅಕ್ಕ, ಇವತ್ತು ತಗೊಳ್ಳುತ್ತಾರೆ. ತಮ್ಮ ಶನಿವಾರದ ಟ್ರೈನಿಗೆ ಕರೆದುಕೊಂಡು ಬರುತ್ತಾನೆ. ಇಬ್ಬರದ್ದೂ ಒಂದೇ ದಿನ ಅಪಾಯಿಂಟ್‌ಮೆಂಟ್ ಕೇಳಿದ್ದೇನೆ.